ಬೆಳಕಿನ ಲೆಕ್ಕವೂ ಯಂತ್ರದ ಬೆಲೆಯೂ

ಕಂಪ್ಯೂಟರ್ ಆಟಗಳನ್ನಾಡುವ ಮಕ್ಕಳಿರುವ ಮನೆಗಳಲ್ಲಿ ಗ್ರಾಫಿಕ್ಸ್ ಕಾರ್ಡೆಂಬುದು ಸಂಸಾರದ ಖರ್ಚಿನ ಬಾಬತುಗಳಲ್ಲೊಂದಾಗಿದೆ. ಉತ್ತಮವಾದ ಕಾರ್ಡಿಗೆ ಹತ್ತಾರು ಸಾವಿರ ರೂಪಾಯಿಗಳು ಬೇಕು. ಇಷ್ಟು ದ್ರವ್ಯವನ್ನು ವ್ಯಯಮಾಡುವ ಗೃಹಸ್ಥರು ಜಾಹೀರಾತಿನ ಒಂದು ಅಂಕಿಯನ್ನು ಮಾತ್ರ ನೋಡಿ ಮರುಳಾಗಬಾರದೆಂಬುದೇ ಈ ತಿಂಗಳಿನ ನಮ್ಮ ವಿಜ್ಞಾಪನೆ.

ರೇ ಟ್ರೇಸಿಂಗ್ ಎಂದರೆ ಕಿರಣಗಳ ಜಾಡು ಹಿಡಿದು ಚಿತ್ರ ಬರೆಯುವ ಕ್ರಮ. ನೋಡುವ ಕಣ್ಣಿನಿಂದ ತೆರೆಯ ಪ್ರತಿಯೊಂದು ಚುಕ್ಕೆಯ ಮೂಲಕವೂ ಒಂದು ಕಿರಣವನ್ನು ಬಿಟ್ಟು, ಅದು ಯಾವ ವಸ್ತುವಿಗೆ ತಗುಲಿತು, ಅಲ್ಲಿ ಬೆಳಕುಂಟೋ ನೆರಳುಂಟೋ, ಕನ್ನಡಿಯಾದರೆ ಕಿರಣವು ಮುಂದೆಲ್ಲಿಗೆ ಹೋಗುವುದು ಎಂಬುದನ್ನು ಗಣಿಸತಕ್ಕದ್ದು. ಟರ್ನರ್ ವಿಟೆಡ್ ಎಂಬ ವಿದ್ವಾಂಸರು 1980ರಲ್ಲಿ ಈ ಕ್ರಮವನ್ನು ವಿವರಿಸಿ ಪ್ರಕಟಿಸಿದಾಗ ಒಂದೊಂದು ಚಿತ್ರಕ್ಕೂ ಬಹಳ ಹೊತ್ತು ಹಿಡಿಯುತ್ತಿದ್ದಿತು. ಈಗಲಾದರೋ ಅಗಲಕ್ಕೆ 1920, ಎತ್ತರಕ್ಕೆ 1080 ಚುಕ್ಕೆಗಳುಳ್ಳ ಚಿತ್ರವನ್ನು ಸೆಕೆಂಡಿಗೆ 60 ಬಾರಿ ಬರೆಯಬೇಕಾಗಿದೆ. ಚುಕ್ಕೆಗೊಂದೇ ಕಿರಣವೆಂದರೂ ಸೆಕೆಂಡಿಗೆ 12 ಕೋಟಿ 44 ಲಕ್ಷ ಕಿರಣಗಳಾದವು!

ಈ ಭಾರವನ್ನಿಳಿಸಲು ದೃಶ್ಯದ ವಸ್ತುಗಳನ್ನೆಲ್ಲ ಪೆಟ್ಟಿಗೆಯೊಳಗೆ ಪೆಟ್ಟಿಗೆಯಂತೆ ವಿಂಗಡಿಸಿಡುವರು. ದೊಡ್ಡ ಪೆಟ್ಟಿಗೆಗೆ ತಗುಲದ ಕಿರಣವು ಅದರೊಳಗಿನ ಯಾವುದಕ್ಕೂ ತಗುಲಲಾರದಷ್ಟೆ. ಈ ಹುಡುಕಾಟವನ್ನು ಯಾರು ಮಾಡುವರೆಂಬಲ್ಲಿಯೇ ಕಾರ್ಡುಗಳ ಭೇದವಿರುವುದು. 2018ರಲ್ಲಿ ಬಂದ ಎನ್ವಿಡಿಯಾದವರ ಟ್ಯೂರಿಂಗ್ ರಚನೆಯಲ್ಲಿ ಪೆಟ್ಟಿಗೆಗಳೊಳಗೆ ದಾರಿ ಹುಡುಕುವುದಕ್ಕೂ, ಕಿರಣ ತಾಗಿತೋ ಇಲ್ಲವೋ ಎಂದು ಪರೀಕ್ಷಿಸುವುದಕ್ಕೂ ಪ್ರತ್ಯೇಕವಾದ ಅಂಗವುಂಟು. 2020ರಲ್ಲಿ ಬಂದ ಎ.ಎಂ.ಡಿ.ಯವರ ಆರ್‌ಡಿಎನ್‌ಎ 2 ರಚನೆಯಲ್ಲಿ ಪರೀಕ್ಷೆಗೆ ಮಾತ್ರ ಅಂಗವಿದ್ದು, ದಾರಿ ಹುಡುಕುವ ಕೆಲಸವು ಬಣ್ಣ ತುಂಬುವ ಸಾಮಾನ್ಯ ಭಾಗದ ಮೇಲೆಯೇ ಬಿದ್ದಿತು. ಅಡಿಗೆಯವರೇ ನೀರನ್ನೂ ಸೇದಿ ತರಬೇಕಾದ ಮನೆಯಂತೆ! ಆದಕಾರಣ ಸಾಧಾರಣ ಆಟಗಳಲ್ಲಿ ಎದುರಾಳಿಗೆ ಸರಿದೊರೆಯಾಗಿದ್ದ ಕಾರ್ಡು, ಕಿರಣಗಳು ಹೆಚ್ಚಿದಂತೆಲ್ಲ ಹಿಂದೆ ಬೀಳುತ್ತಿದ್ದಿತು. 2022ರ ಇಂಟೆಲ್ ಆರ್ಕ್ ಕಾರ್ಡುಗಳು ಎರಡು ಕೆಲಸಗಳನ್ನೂ ಪ್ರತ್ಯೇಕ ಅಂಗಕ್ಕೊಪ್ಪಿಸಿ, ಚದುರಿದ ಕೆಲಸಗಳನ್ನು ಬಗೆಬಗೆಯಾಗಿ ಒಟ್ಟುಗೂಡಿಸುವ ಉಪಾಯವನ್ನೂ ಸೇರಿಸಿಕೊಂಡವು. 2025ರ ಆರ್‌ಡಿಎನ್‌ಎ 4ರಲ್ಲಿ ಎ.ಎಂ.ಡಿ.ಯವರು ಪರೀಕ್ಷೆಯ ವೇಗವನ್ನು ಇಮ್ಮಡಿಸಿ ಹಳೆಯ ಅಂತರವನ್ನು ಬಹುಮಟ್ಟಿಗೆ ತಗ್ಗಿಸಿದರು.

ಆದುದರಿಂದ ಹೋಲಿಸುವವರು ಒಂದೇ ಆಟದ ಒಂದೇ ದೃಶ್ಯವನ್ನು, ಚುಕ್ಕೆಗಳ ಒಂದೇ ಪ್ರಮಾಣದಲ್ಲಿ, ಕಿರಣಗಳೊಡನೆ ಒಮ್ಮೆ, ಅವಿಲ್ಲದೆ ಒಮ್ಮೆ ನೋಡತಕ್ಕದ್ದು. ಇನ್ನೊಂದು ಎಚ್ಚರಿಕೆ: ಗಣಿಸಿದ ಎರಡು ಚಿತ್ರಗಳ ನಡುವೆ ಊಹೆಯಿಂದ ಚಿತ್ರವನ್ನು ತುಂಬಿ, ಅದನ್ನೂ ಎಣಿಕೆಗೆ ಸೇರಿಸಿ ವೇಗವು ಇಮ್ಮಡಿಯಾಯಿತೆನ್ನುವುದುಂಟು. ಆ ನಡುವಣ ಚಿತ್ರಕ್ಕಾಗಿ ಹೊಸದಾಗಿ ಒಂದು ಕಿರಣವನ್ನೂ ಬಿಟ್ಟಿರುವುದಿಲ್ಲ. ಗುಂಡಿಯನ್ನೊತ್ತಿದವನಿಗೆ ಯಂತ್ರದ ಉತ್ತರವು ಅದರಿಂದ ಬೇಗನೆ ದೊರೆಯುವುದೂ ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಮಕ್ಕಳು ಆಡುವುದು ಯಾವ ಆಟವೆಂದು ಮೊದಲು ವಿಚಾರಿಸಿರಿ. ಅದರಲ್ಲಿ ಕಿರಣಗಳ ಕೆಲಸವೇ ಇಲ್ಲದಿದ್ದರೆ, ಕಿರಣಗಳಿಗಾಗಿ ತೆತ್ತ ಹಣವು ಪೆಟ್ಟಿಗೆಯಲ್ಲೇ ಉಳಿಯುವುದು ಲೇಸು.