ಬಾಟಲಿ ಹೋಯಿತು, ಜಗಳ ಉಳಿಯಿತು

ನ್ಯೂಯಾರ್ಕಿನ ಬ್ರೂಕ್ಲಿನ್ ಬಡಾವಣೆಯ ಒಂದು ಮನೆ. ಗಂಡ ಹೆಂಡತಿ ಇಬ್ಬರೂ ಒಂದು ಪ್ರಾರ್ಥನಾ ಸಭೆಗೆ ಹೋಗಬೇಕು. ಹೊತ್ತಾಯಿತು, ಬೇಗ ಹೊರಡು ಎಂದು ಗಂಡ ಹೇಳಿದ್ದೇ ತಡ, ಹೆಂಡತಿ ಕೈಯಲ್ಲಿದ್ದ ಬೂಟನ್ನು ಅವನತ್ತ ಬೀಸಿ ಎಸೆದಳು. ಗಂಡ ಕುಡಿದು ತೂರಾಡುತ್ತಿದ್ದರೆ ಇದರಲ್ಲಿ ಸೋಜಿಗವೇನೂ ಇರಲಿಲ್ಲ. ಆದರೆ ಆತ ಅಷ್ಟರಲ್ಲಾಗಲೇ ಕುಡಿತ ಬಿಟ್ಟಿದ್ದ!

ಆತ ಬಿಲ್ ವಿಲ್ಸನ್, ಆಕೆ ಲೋಯಿಸ್. ಇವರ ಮದುವೆಯಾದದ್ದು 1918ರಲ್ಲಿ. ಬಿಲ್ ಕೊನೆಯ ಸಲ ಕುಡಿದದ್ದು 1934ರ ಡಿಸೆಂಬರಿನಲ್ಲಿ. ನಡುವಿನ ಸುಮಾರು 17 ವರ್ಷ ಆತನನ್ನು ಕುಡಿತದಿಂದ ಬಿಡಿಸುವುದೇ ಲೋಯಿಸಳ ಬದುಕಿನ ಕೆಲಸವಾಗಿಬಿಟ್ಟಿತ್ತು. ಆತನ ದುಡಿಮೆ ನಿಂತಾಗ ಮನೆ ನಡೆದದ್ದು ದೊಡ್ಡ ಅಂಗಡಿಯೊಂದರಲ್ಲಿ ಆಕೆ ದುಡಿದು ತಂದ ಸಂಬಳದಿಂದ. 1935ರಲ್ಲಿ ಓಹಾಯೊ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ ಬಿಲ್‌ಗೆ ಡಾ. ಬಾಬ್ ಸ್ಮಿತ್ ಎಂಬ ಇನ್ನೊಬ್ಬ ಕುಡುಕ ಶಸ್ತ್ರವೈದ್ಯರ ಪರಿಚಯವಾಯಿತು. ಕುಡುಕನ ಕಷ್ಟ ಕುಡುಕನಿಗೇ ಗೊತ್ತು ಎಂಬ ತಿಳಿವಿನ ಮೇಲೆ ಇಬ್ಬರೂ ಕಟ್ಟಿದ ಕೂಟವೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’. ಡಾ. ಬಾಬ್ ಕುಡಿತ ಬಿಟ್ಟ ದಿನವಾದ 1935ರ ಜೂನ್ 10ನ್ನೇ ಅದರ ಹುಟ್ಟುಹಬ್ಬವೆಂದು ಎಣಿಸುತ್ತಾರೆ.

ಇತ್ತ ಬೂಟು ಎಸೆದ ಲೋಯಿಸ್‌ಗೆ ತನ್ನ ಮೇಲೆಯೇ ಆಶ್ಚರ್ಯವಾಯಿತು. ಬೇಡಿದ ವರ ಸಿಕ್ಕಿರುವಾಗ ಈ ಸಿಟ್ಟು ಯಾಕೆ? ಆಕೆ ಕೆದಕುತ್ತ ಹೋದಾಗ ಸಿಕ್ಕ ಉತ್ತರ ಮುಜುಗರದ್ದು. ಇಷ್ಟು ವರ್ಷ ತನ್ನಿಂದ ಆಗದ ಕೆಲಸವನ್ನು ಯಾರೋ ಹೊರಗಿನವರು ಕೆಲವೇ ದಿನಗಳಲ್ಲಿ ಮಾಡಿ ಮುಗಿಸಿದ್ದರು. ಗಂಡನಿಗೆ ಈಗ ಸಭೆಗಳೇ ಲೋಕ. ಆತನಿಗೆ ತನ್ನ ಅಗತ್ಯವೇ ಇಲ್ಲವೆಂಬ ನೋವು ಸಿಟ್ಟಾಗಿ ಹೊರಬಿದ್ದಿತ್ತು.

ಕಾರಣದ ಹಿಂದಿನ ಕಾರಣವನ್ನು ಹುಡುಕುವುದಕ್ಕೆ ಕಾರ್ಖಾನೆಗಳಲ್ಲಿ ಹೆಸರುವಾಸಿಯಾದ ವಿಧಾನವೊಂದುಂಟು. ಟೊಯೋಟಾ ಕಂಪನಿಯ ತೈಚಿ ಓನೊ ತಮ್ಮ 1978ರ ಪುಸ್ತಕದಲ್ಲಿ ಅದಕ್ಕೊಂದು ಉದಾಹರಣೆ ಕೊಟ್ಟಿದ್ದಾರೆ. ಯಂತ್ರ ನಿಂತಿತು. ಯಾಕೆ? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಹೊರೆ ಹೆಚ್ಚಿದ್ದು ಯಾಕೆ? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಅದು ಯಾಕೆ? ಎಣ್ಣೆಯ ಪಂಪು ಸರಿಯಾಗಿ ಎತ್ತುತ್ತಿರಲಿಲ್ಲ. ಯಾಕೆ? ಪಂಪಿನ ದಂಡ ಸವೆದಿತ್ತು. ಅದೂ ಯಾಕೆ? ಜಾಲರಿ ಇಲ್ಲದೆ ಲೋಹದ ಚೂರುಗಳು ಒಳಹೊಕ್ಕಿದ್ದವು. ಮೊದಲ ಉತ್ತರಕ್ಕೇ ತೃಪ್ತಿಪಟ್ಟು ಫ್ಯೂಸ್ ಬದಲಿಸಿದ್ದರೆ ಯಂತ್ರ ಕೆಲವು ತಿಂಗಳುಗಳಲ್ಲಿ ಮತ್ತೆ ನಿಲ್ಲುತ್ತಿತ್ತು. ಕಣಕ್ಕೆ ಅಂಕ ಕಡಿಮೆ ಬಂದ ಕೂಡಲೇ ಟ್ಯೂಷನ್ ಹುಡುಕುವ ತಂದೆತಾಯಿಗಳಿಗೂ ಈ ಉದಾಹರಣೆ ಉಪಯೋಗಕ್ಕೆ ಬಂದೀತು. ಹುಡುಗನಿಗೆ ಗಣಿತ ಅರ್ಥವಾಗಿಲ್ಲವೋ, ಇಲ್ಲಾ ರಾತ್ರಿ ಗೋಡೆಯಾಚೆ ನಡೆಯುವ ಜಗಳಕ್ಕೆ ನಿದ್ದೆಯೇ ಬರುತ್ತಿಲ್ಲವೋ?

ಆದರೆ ಸಂಸಾರ ಯಂತ್ರವಲ್ಲ. ಅವಳು ಬೈಯುತ್ತಾಳೆ, ಅದಕ್ಕೇ ಮನೆಯಿಂದ ದೂರ ಇರುತ್ತೇನೆ ಎನ್ನುತ್ತಾನೆ ಗಂಡ. ಅವರು ದೂರ ಇರುತ್ತಾರೆ, ಅದಕ್ಕೇ ಬೈಯುತ್ತೇನೆ ಎನ್ನುತ್ತಾಳೆ ಹೆಂಡತಿ. ಬೀಜ ಮೊದಲೋ ವೃಕ್ಷ ಮೊದಲೋ? ಮನಶ್ಶಾಸ್ತ್ರಜ್ಞ ಪೌಲ್ ವಾಟ್ಸ್‌ಲಾವಿಕ್ ಮತ್ತು ಸಂಗಡಿಗರು 1967ರ ಪುಸ್ತಕದಲ್ಲಿ ಚರ್ಚಿಸಿದ್ದು ಇಂಥದೇ ಜೋಡಿಯನ್ನು. ಇಲ್ಲಿ ಕಾರಣ ಮತ್ತು ಪರಿಣಾಮ ಸರಪಳಿಯಂತೆ ಸಾಗದೆ ಬಳೆಯಂತೆ ಸುತ್ತುತ್ತವೆ. ಎಲ್ಲಿ ಆರಂಭವಾಯಿತು ಎಂದು ವಾದಿಸುತ್ತ ಕುಳಿತರೆ ಇನ್ನೊಂದು ಸುತ್ತು ತಿರುಗೀತೇ ಹೊರತು ಬೇರೇನೂ ಆಗದು.

ಇದರ ಜೊತೆಗೆ ದೇಹದ ಲೆಕ್ಕವೂ ಇದೆ. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ಮಿದುಳು ಅದಿಲ್ಲದೆ ಸಮಸ್ಥಿತಿಗೆ ಬರಲು ವಾರಗಳಲ್ಲ, ತಿಂಗಳುಗಳೇ ಬೇಕಾಗಬಹುದು. ನಿದ್ದೆ ಕೆಡುತ್ತದೆ, ಸಣ್ಣ ಮಾತಿಗೂ ರೇಗುತ್ತದೆ. ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗುವುದುಂಟು. ಆದ್ದರಿಂದ ಬಿಡುವ ಕೆಲಸ ವೈದ್ಯರ ಕಣ್ಣಳತೆಯಲ್ಲೇ ನಡೆಯಬೇಕು. ಬಿಟ್ಟಮೇಲೂ ಯಾಕೆ ಹೀಗಾಡುತ್ತಾರೆ ಎಂದು ಕೊರಗುವ ಎಷ್ಟೋ ಹೆಂಡಂದಿರಿಗೆ ಈ ಸಂಗತಿಯನ್ನು ಯಾರೂ ಹೇಳಿರುವುದಿಲ್ಲ.

ಲೋಯಿಸ್ ಸುಮ್ಮನೆ ಕೂರಲಿಲ್ಲ. ಕುಡುಕರ ಮನೆಯವರಿಗೂ ಚೇತರಿಕೆ ಬೇಕೆಂದು, ಅಲ್ಲಲ್ಲಿ ತಾವಾಗಿ ಸೇರುತ್ತಿದ್ದ 87 ಕೂಟಗಳಿಗೆ ಗೆಳತಿಯೊಬ್ಬಳ ಜೊತೆ ಕುಳಿತು ಪತ್ರ ಬರೆದಳು. ಹೀಗೆ 1951ರಲ್ಲಿ ‘ಅಲ್-ಅನಾನ್’ ರೂಪುಗೊಂಡಿತು. ಗಂಡ ಹೆಂಡತಿ ಜೊತೆಯಾಗಿಯೇ ಬರುವ ‘ರಿಕವರಿಂಗ್ ಕಪಲ್ಸ್ ಅನಾನಿಮಸ್’ ಮಿನಿಯಾಪೊಲಿಸ್ ನಗರದಲ್ಲಿ ಹುಟ್ಟಿದ್ದು 1988ರಲ್ಲಿ. ಲೋಯಿಸ್ ತನ್ನ 97ನೆಯ ವಯಸ್ಸಿನಲ್ಲಿ ತೀರಿಕೊಂಡದ್ದೂ ಅದೇ ವರ್ಷ. ಈ ಜೋಡಿಗಳ ಕೂಟದವರು ಬಳಸುವ ಹೋಲಿಕೆ ಮೂರು ಕಾಲಿನ ಮಣೆಯದು. ಅವನ ಚೇತರಿಕೆ ಒಂದು ಕಾಲು, ಅವಳದು ಇನ್ನೊಂದು, ಅವರ ದಾಂಪತ್ಯದ್ದು ಮೂರನೆಯದು. ನಾಲ್ಕು ಕಾಲಿನ ಕುರ್ಚಿ ಏರುಪೇರು ನೆಲದ ಮೇಲೆ ಅಲುಗಾಡುತ್ತದೆ, ಮೂರು ಕಾಲಿನ ಮಣೆ ಅಲುಗಾಡುವುದಿಲ್ಲ. ಮೂರು ಬಿಂದುಗಳು ಯಾವಾಗಲೂ ಒಂದು ಸಮತಲದಲ್ಲೇ ಇರುತ್ತವೆಂದು ರೇಖಾಗಣಿತ ಓದಿದ ಮಕ್ಕಳಿಗೆ ಗೊತ್ತಿದ್ದೀತು. ಒಂದು ಕಾಲು ಮುರಿದರೆ ಮಾತ್ರ ಮಣೆ ಉರುಳಿತೆಂದೇ ಲೆಕ್ಕ.

ಇಂಥ ಕೂಟಗಳಲ್ಲಿ ನ್ಯಾಯ ತೀರ್ಮಾನವಿಲ್ಲ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ತನ್ನ ಮನೆಯ ಜಗಳದಲ್ಲಿ ಕಾಣದ ಸುತ್ತು ಎದುರು ಕುಳಿತ ಜೋಡಿಯ ಜಗಳದಲ್ಲಿ ಥಟ್ಟನೆ ಕಾಣುತ್ತದೆ, ಅಷ್ಟೇ. ಹಾಗೆಂದು ಇದು ಸರ್ವರೋಗಕ್ಕೂ ಮದ್ದಲ್ಲ. ಹೊಡೆತ ಬಡಿತ ಇರುವ ಮನೆಯಲ್ಲಿ ಮೊದಲು ಬೇಕಾದದ್ದು ಹೆಂಡತಿ ಮಕ್ಕಳ ರಕ್ಷಣೆ; ಕೂಟದ ಮಾತು ಆಮೇಲೆ.

ಮಕ್ಕಳನ್ನು ದೊಡ್ಡವರು ಮರೆತರು, ಒಬ್ಬ ಹುಡುಗನೇ ನೆನಪಿಸಿದ. ಹದಿವಯಸ್ಸಿನವರ ‘ಆಲಟೀನ್’ ಕೂಟವನ್ನು 1957ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭಿಸಿದವನು 17 ವರ್ಷದ ವಿದ್ಯಾರ್ಥಿ. ಅಪ್ಪ ಕುಡಿಯುವುದು ತನ್ನ ಅಂಕಪಟ್ಟಿ ನೋಡಿ, ತನ್ನ ತುಂಟತನಕ್ಕೆ ಬೇಸತ್ತು ಎಂದು ಒಳಗೊಳಗೇ ನಂಬಿರುವ ಮಕ್ಕಳು ಎಲ್ಲ ಊರುಗಳಲ್ಲೂ ಇರುತ್ತಾರೆ. ಅದು ಸುಳ್ಳು ಕಾರಣ. ಈ ಕೂಟಗಳಲ್ಲಿ ಅವರಿಗೆ ಮೊದಲು ತಿಳಿಯುವುದು ಕುಡಿತವನ್ನು ತಂದವರು ತಾವಲ್ಲ, ಬಿಡಿಸುವ ಹೊಣೆಯೂ ತಮ್ಮದಲ್ಲ ಎಂಬ ಮಾತು.

ಕರ್ನಾಟಕದಲ್ಲೂ ಈ ದಾರಿ ಹೊಸದೇನಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನಮುಕ್ತಿ ವಿಭಾಗದಲ್ಲಿ ಮನೆಯವರನ್ನೂ ಕೂರಿಸಿ ಮಾತನಾಡಿಸುತ್ತಾರೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಿಂದ ಮನೆಗೆ ಮರಳಿದವರಿಗಾಗಿ ‘ನವಜೀವನ ಸಮಿತಿ’ಗಳಿವೆ. ಎಲ್ಲಿ ಹೋಗಬೇಕೆಂದೇ ತಿಳಿಯದವರು 2022ರಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ.