ಕೋಬಾಲ್ಟ್ ಕಲ್ಮಶವಲ್ಲ

ಚಿನ್ನದ ಮೇಲ್ಮೈಯ ಮೇಲೆ ಒಂದೇ ಒಂದು ಕೋಬಾಲ್ಟ್ ಪರಮಾಣು ಕೂತಿದೆ. ಇಂಗ್ಲಿಷಿನ ಭೌತವಿಜ್ಞಾನ ಅದನ್ನು ‘ಇಂಪ್ಯೂರಿಟಿ’ ಎನ್ನುತ್ತದೆ. ಕನ್ನಡಕ್ಕೆ ತರುವವರು ನಿಘಂಟು ತೆರೆದು ‘ಕಲ್ಮಶ’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಾರೆ. ಇದು ಬರೀ ಪದದ ತಪ್ಪಲ್ಲ, ವಿಷಯವನ್ನೇ ತಲೆಕೆಳಗು ಮಾಡುವ ತಪ್ಪು.

ಕಲ್ಮಶ ಎಂದರೆ ತೊಳೆದು ಹಾಕಬೇಕಾದದ್ದು. ಅದು ಹೋದರೆ ಉಳಿದದ್ದು ಚೆನ್ನ. ಲೋಹದ ಕಥೆ ಹಾಗಿಲ್ಲ.

1934ರಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಚಿನ್ನವನ್ನು ತಂಪಾಗಿಸುತ್ತ ಅದರ ವಿದ್ಯುತ್ ರೋಧವನ್ನು ಅಳೆದರು. ತಣ್ಣಗಾದಂತೆ ರೋಧ ಇಳಿಯಬೇಕು; ಇಳಿಯಿತು. ಆದರೆ ಕೆಲವೇ ಕೆಲ್ವಿನ್ ಉಳಿದಾಗ ಮತ್ತೆ ಏರತೊಡಗಿತು. ಮೂವತ್ತು ವರ್ಷ ಕಾರಣ ತಿಳಿಯಲಿಲ್ಲ. 1964ರಲ್ಲಿ ಜಪಾನಿನ ಜುನ್ ಕೊಂಡೊ ವಿವರಿಸಿದರು: ಕಾರಣ ಲೋಹದಲ್ಲಿ ಅಲ್ಲೊಂದು ಇಲ್ಲೊಂದು ಸೇರಿದ ಕಬ್ಬಿಣದಂಥ ಕಾಂತೀಯ ಪರಮಾಣುಗಳು. ಹಾದುಹೋಗುವ ಎಲೆಕ್ಟ್ರಾನು ಅಂಥ ಪರಮಾಣುವಿಗೆ ತಾಗಿದಾಗ ಎರಡರ ಸ್ಪಿನ್ನೂ ಮಗುಚಬಹುದು. ತಂಪು ಹೆಚ್ಚಿದಂತೆ ಈ ಚದುರುವಿಕೆಯೂ ಹೆಚ್ಚುತ್ತದೆ. ಇನ್ನೂ ತಂಪಾದರೆ ಸುತ್ತಲಿನ ಎಲೆಕ್ಟ್ರಾನುಗಳು ಆ ಸ್ಪಿನ್ನಿನೊಡನೆ ಹೆಣೆದುಕೊಂಡು ಒಂದೇ ಸ್ಥಿತಿಯಾಗುತ್ತವೆ. ಪರಮಾಣುವಿನ ಕಾಂತತೆ ಮರೆಯಾಗುತ್ತದೆ. ಕೊಂಡೊ ಅವರ ಲೆಕ್ಕ ಸೊನ್ನೆ ಕೆಲ್ವಿನ್ ಬಳಿ ಕೈಕೊಡುತ್ತಿತ್ತು. ಅದನ್ನು ದಡ ಮುಟ್ಟಿಸಿದವರು ಕೆನೆತ್ ವಿಲ್ಸನ್, 1975ರಲ್ಲಿ.

1998ರಲ್ಲಿ ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪಿನ ಸೂಜಿಮೊನೆಯಿಂದ ಚಿನ್ನದ ಮೇಲಿನ ಒಂಟಿ ಕೋಬಾಲ್ಟಿನಲ್ಲೇ ಈ ಗುರುತು ಸಿಕ್ಕಿತು. 2000ದಲ್ಲಿ ಐಬಿಎಂನ ಆಲ್ಮಡೆನ್ ಪ್ರಯೋಗಾಲಯದವರು ತಾಮ್ರದ ಮೇಲೆ ಕೋಬಾಲ್ಟ್ ಪರಮಾಣುಗಳನ್ನೇ ದೀರ್ಘವೃತ್ತದ ಬೇಲಿಯಾಗಿ ಜೋಡಿಸಿ, ಒಂದು ನಾಭಿಯಲ್ಲಿ ಇನ್ನೊಂದು ಕೋಬಾಲ್ಟ್ ಇಟ್ಟರು. ಏನೂ ಇಲ್ಲದ ಇನ್ನೊಂದು ನಾಭಿಯಲ್ಲೂ ಅದೇ ಗುರುತು, ಮಸುಕಾಗಿ, ಕಾಣಿಸಿತು. ಕೈಯಾರೆ ತಂದು ಇಟ್ಟದ್ದನ್ನು ಕಲ್ಮಶ ಎನ್ನುವುದು ಹೇಗೆ?

‘ಇಂಗ್ಲಿಷಿನಲ್ಲೂ ಅದೇ ಅರ್ಥವಲ್ಲವೇ?’ ಎಂದು ಕೇಳಬಹುದು. ಹೌದು. ಆದರೆ ಬಳಸಿ ಬಳಸಿ ಅಲ್ಲಿ ಪದದ ಮೊನೆ ಸವೆದಿದೆ. ಹೊಸದಾಗಿ ಓದುವ ಕನ್ನಡದ ವಿದ್ಯಾರ್ಥಿಗೆ ಕಲ್ಮಶ ಇನ್ನೂ ಕೊಳೆಯೇ. ‘ಅತಿಥಿ’ ಎಂದರೂ ಆಗದು. ಅತಿಥಿ ಎದ್ದು ಹೋಗುತ್ತಾನೆ. ‘ಬೆರಕೆ’ ಎಂದರೆ ಕಲಬೆರಕೆಯ ನೆನಪು. ‘ಹೊರ ಪರಮಾಣು’ ಎಂದರೆ ಸಾಕು: ಎಲ್ಲಿಂದ ಬಂತೆಂದು ಹೇಳುತ್ತದೆ, ತೀರ್ಪು ಕೊಡುವುದಿಲ್ಲ. ಕಲ್ಮಶ ಕೆರೆಯ ನೀರಿಗೆ ಇರಲಿ.

ಲೈಡನ್ನಿನ ಚಿನ್ನ ಅಪ್ಪಟ ಶುದ್ಧವಾಗಿದ್ದರೆ ಆ ಗೆರೆ ಮತ್ತೆ ಏರುತ್ತಲೇ ಇರಲಿಲ್ಲ.