ಲಿಂಬೆಹಣ್ಣಿನ ಜೊತೆ ಗ್ರೀಸೂ ಇರಲಿ

ನಮ್ಮ ಜತ್ತ ತಾಲೂಕಿನ ಪೂರ್ವಭಾಗದಲ್ಲಿ ಹಳೆಯ ಮಹಿಂದ್ರಾ ಜೀಪುಗಳು ಇನ್ನೂ ಓಡುತ್ತಿವೆ. ಸಂತೆಗೆ, ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ, ತೋಟದ ವಸ್ತಿಯಿಂದ ಶಾಲೆಗೆ ಬರಲು ಇವೇ ಆಸರೆ. ಆದ್ದರಿಂದ ಇವುಗಳ ದೇಖರೇಖಿ ಬರೀ ಮಾಲೀಕರ ಚಿಂತೆಯಲ್ಲ. ಪಾಲಕರ ಹಾಗೂ ಶಿಕ್ಷಕರಾದ ನಮ್ಮ ಚಿಂತೆಯೂ ಹೌದು.

ಇಷ್ಟು ಕಿಲೋಮೀಟರಿಗೆ ಆಯಿಲ್ ಬದಲಿಸಿರಿ ಎಂದು ಕಂಪನಿಯ ಪುಸ್ತಕ ಹೇಳುತ್ತದೆ. ಆದರೆ ಹಳೆಯ ಜೀಪಿನ ಮೀಟರು ನಿಂತು ಎಷ್ಟೋ ವರ್ಷವಾಗಿರುತ್ತದೆ. ಲೆಕ್ಕ ತಪ್ಪಿ, ಕೆಟ್ಟಾಗಲೇ ಗ್ಯಾರೇಜು ನೆನಪಾಗುತ್ತದೆ. ನಾವು ಹೇಳುವುದಿಷ್ಟೇ: ಮೀಟರು ಬಿಡಿರಿ, ಪಂಚಾಂಗ ಹಿಡಿಯಿರಿ. ಅಮವಾಸ್ಯೆಗೆ ಗಾಡಿ ತೊಳೆದು ಲಿಂಬೆಹಣ್ಣು ಕಟ್ಟುವುದನ್ನು ಯಾರೂ ಮರೆಯುವುದಿಲ್ಲ. ಅಂದೇ ಪಾಟಾದ ಪಿನ್ನು, ಜಾಯಿಂಟುಗಳಿಗೆ ಗ್ರೀಸು ಹೊಡೆಯಿರಿ, ಚಕ್ರದ ನಟ್ಟು ಬಿಗಿ ಮಾಡಿರಿ, ಬ್ರೇಕ್ ಆಯಿಲ್ ನೋಡಿರಿ. ಅದು ಇಳಿದಿದ್ದರೆ ತುಂಬಿ ಸುಮ್ಮನಾಗದೆ ಸೋರಿಕೆ ಹುಡುಕಿರಿ. ದಿನಾ ಓಡುವ ಜೀಪಿಗೆ ಪ್ರತಿ 3ನೆಯ ಅಮವಾಸ್ಯೆಗೆ ಎಂಜಿನ್ ಆಯಿಲ್ ಬದಲಾಗಲಿ.

ನಮ್ಮದು ಧೂಳಿನ, ಬರದ ಸೀಮೆ. ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಹೋದರೆ ಪಿಸ್ಟನ್ ರಿಂಗು ಸವೆಯುತ್ತದೆ. ಬೇಸಿಗೆಯಲ್ಲಿ ಫಿಲ್ಟರನ್ನು ವಾರಕ್ಕೊಮ್ಮೆ ಸ್ವಚ್ಛ ಮಾಡಬೇಕು. ಬೋರಿನ ಗಡಸು ನೀರು ರೇಡಿಯೇಟರಿನಲ್ಲಿ ಸುಣ್ಣ ಕಟ್ಟುತ್ತದೆ. ಕೂಲಂಟ್ ಹಾಕುವುದು ಲೇಸು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ 2 ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು.

ಮಾಡಿದ್ದನ್ನೆಲ್ಲ ತಾರೀಖು ಸಮೇತ ಒಂದು ನೋಟಬುಕ್ಕಿನಲ್ಲಿ ಬರೆದು ಜೀಪಿನಲ್ಲೇ ಇಡಬೇಕು. ಪಾಲಕರು ತಿಂಗಳಿಗೊಮ್ಮೆ ಅದನ್ನು ಕೇಳಿ ನೋಡಲಿ. ಮಕ್ಕಳ ಹಾಜರಿ ತಪ್ಪದೆ ಬರೆಯುವ ನಾವು, ಅವರನ್ನು ಕರೆತರುವ ಜೀಪಿನ ಹಾಜರಿಯನ್ನೂ ಕೇಳಬೇಡವೇ?